ಅಡುಗೆಮನೆಗೊಂದು ನ್ಯಾಯಬೆಲೆ

ವರದಹಳ್ಳಿ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಶ್ರೀಧರಾಶ್ರಮ. ಸಾಗರದಿಂದ ಬಂದಿಳಿಯುವ ಭಕ್ತರ ಕಣ್ಣಿಗೆ ನಮ್ಮ ಹೆಂಚಿನ ಮನೆ ಬೀಳುವಂಥದ್ದಲ್ಲ. ಎದುರಿಗೆ ಸ್ವಲ್ಪ ಅಂಗಳ, ಹಿಂದೆ ಒಂದಿಷ್ಟು ಅಡಿಕೆ ತೋಟ. ಮಾವನವರು ಕಟ್ಟಿಸಿದ ಈ ಮನೆಗೆ ನಾನು ಸೊಸೆಯಾಗಿ ಬಂದಾಗ ಅಡುಗೆಮನೆ ಹೇಗಿತ್ತೋ 2021ರವರೆಗೂ ಹೆಚ್ಚುಕಡಿಮೆ ಹಾಗೆಯೇ ಇತ್ತು. ನೆಲದ ಮೇಲೆ ಕುಳಿತು ಹೆಚ್ಚಲು ಮೆಟ್ಟುಗತ್ತಿ, ಮೂಲೆಯಲ್ಲಿ ಒರಳುಕಲ್ಲು, ಗೋಡೆಗೆ ಅಂಟಿದ ಕಟ್ಟಿಗೆ ಒಲೆ, ಬೆಕ್ಕಿಗೆ ಸಿಗದಂತೆ ಹಾಲು, ಮೀನುಗಳನ್ನಿಡಲು ಬಲೆಯ ಬಾಗಿಲಿನ ಹಲಸಿನ ಮರದ ಪೆಟ್ಟಿಗೆ. ಗ್ಯಾಸು ಬಂದಾಗ ಅದಕ್ಕೊಂದು ಕಡಪದ ಕಲ್ಲಿನ ಕಟ್ಟೆ ಕಟ್ಟಿಸಿದ್ದೇ ನಾವು ಮಾಡಿದ ಏಕೈಕ ಸುಧಾರಣೆಯಾಗಿತ್ತು.

ಆ ವರ್ಷದ ಮಳೆಗಾಲದಲ್ಲಿ ಪಾಚಿಗಟ್ಟಿದ ಹಿತ್ತಲಿನಲ್ಲಿ ಜಾರಿ ಬಿದ್ದೆ. ಮೂಳೆ ಮುರಿಯಲಿಲ್ಲ, ಆದರೆ ಇನ್ನು ಮುಂದೆ ನೆಲದಲ್ಲಿ ಕುಳಿತು ಏಳುವ ಕೆಲಸ ಬೇಡವೆಂದು ವೈದ್ಯರು ಕಟ್ಟಪ್ಪಣೆ ಮಾಡಿದರು. ಬೆಂಗಳೂರಿನಲ್ಲಿರುವ ಮಗನ ಮದುವೆ 2022ರ ಮೇ ತಿಂಗಳಿಗೆ ನಿಶ್ಚಯವಾಗಿತ್ತು. “ಅಮ್ಮಾ, ಮಾಡ್ಯುಲರ್ ಕಿಚನ್ ಮಾಡಿಸಿಬಿಡೋಣ” ಎಂದ. ಅವನು ಆಡಿದ ಆ ಎರಡು ಪದಗಳಿಗೆ ಎಷ್ಟು ಬೆಲೆ ಎಂಬುದು ಅವನಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ.

ಜನವರಿಯಲ್ಲಿ ಶಿವಮೊಗ್ಗದ ಒಂದು ಮಳಿಗೆಗೆ ಹೋದೆವು. ಒಳಗೆ ಕಾಲಿಟ್ಟರೆ ಒಂದರ ಪಕ್ಕದಲ್ಲೊಂದು ಆರು ಅಡುಗೆಮನೆಗಳು. ಒಂದರಲ್ಲೂ ಒಗ್ಗರಣೆಯ ಕಲೆಯಿಲ್ಲ! ವಿನಯಶೀಲ ತರುಣನೊಬ್ಬನು ನಮ್ಮ ಮನೆಯ ಅಳತೆಯನ್ನು ಕಂಪ್ಯೂಟರಿಗೆ ತುಂಬಿ, ತೆರೆಯ ಮೇಲೆ ನಮ್ಮದೇ ಅಡುಗೆಮನೆಯನ್ನು ಹಸಿರು ಬಣ್ಣದಲ್ಲಿ ತೋರಿಸಿದನು. ನಮ್ಮವರಿಗೆ ಸಂತೋಷವಾಯಿತು. ಬಳಿಕ ಅಚ್ಚಾಗಿ ಬಂದ ಕಾಗದದಲ್ಲಿ 1,98,000 ಎಂದು ಬರೆದು ಹೊಡೆದುಹಾಕಲಾಗಿತ್ತು. ಹೊಸ ವರ್ಷದ ರಿಯಾಯಿತಿ ಶೇಕಡಾ 20 ಕಳೆದು 1,58,400. ಅದರ ಮೇಲೆ ಶೇಕಡಾ 18ರಂತೆ ಜಿ.ಎಸ್.ಟಿ. 28,512. ಒಟ್ಟು 1,86,912 ರೂಪಾಯಿ. ಗ್ರಾನೈಟ್ ಕಲ್ಲು, ಸಿಂಕು, ನಲ್ಲಿಯ ಕೆಲಸ ಇವೆಲ್ಲ ಬೇರೆ.

ನಾನು ಮೂವತ್ತು ವರ್ಷ ಶಾಲೆಯ ಮಕ್ಕಳಿಗೆ ಗಣಿತ ಕಲಿಸಿದವಳು. ಕ್ಷೇತ್ರಫಲ ಎಂಬ ಪದ ಕಂಡರೆ ಕೈ ತಾನಾಗಿಯೇ ಪೆನ್ನು ಹಿಡಿಯುತ್ತದೆ. ಮನೆಗೆ ಬಂದು ಆ ಕಾಗದವನ್ನು ಹರಡಿಕೊಂಡು ಕುಳಿತೆ. ನಮ್ಮ ಅಡುಗೆಮನೆಯ ಒಂದು ಗೋಡೆ ಹತ್ತು ಅಡಿ, ಅದಕ್ಕೆ ಕೂಡುವ ಇನ್ನೊಂದು ಏಳು ಅಡಿ. ಕೆಳಗಿನ ಪೆಟ್ಟಿಗೆಗಳ ಉದ್ದವನ್ನು ಅವರು ಹದಿನೇಳು ಅಡಿ ಎಂದು ಹಿಡಿದಿದ್ದರು. ಆದರೆ ಪೆಟ್ಟಿಗೆಗಳ ಆಳ ಎರಡು ಅಡಿ. ಮೂಲೆಯಲ್ಲಿ ಒಂದು ಸಾಲು ಇನ್ನೊಂದರೊಳಗೆ ಸೇರಿಹೋಗುವುದರಿಂದ ನಿಜವಾದ ಉದ್ದ ಹದಿನೈದೇ ಅಡಿ. ಇಲ್ಲದ ಎರಡು ಅಡಿಗೆ ಎರಡೂಮುಕ್ಕಾಲು ಅಡಿ ಎತ್ತರದ ಲೆಕ್ಕದಲ್ಲಿ ಐದೂವರೆ ಚದರ ಅಡಿ. ಚದರ ಅಡಿಗೆ 2,000 ರೂಪಾಯಿಯಂತೆ 11,000 ರೂಪಾಯಿ! ಮೂಲೆಯ ಒಂದೇ ಜಾಗವನ್ನು ಎರಡು ಬಾರಿ ಮಾರಲಾಗಿತ್ತು. ಗ್ಯಾಸ್ ಸಿಲಿಂಡರ್ ಇಡುವ ಸ್ಥಳದಲ್ಲಿ ತಳವೂ ಇಲ್ಲ, ಹಿಂಬದಿಯೂ ಇಲ್ಲ, ಬರೀ ಒಂದು ಬಾಗಿಲು. ಅದಕ್ಕೂ ಪೂರ್ತಿ ಪೆಟ್ಟಿಗೆಯ ದರ. ದೂರವಾಣಿಯಲ್ಲಿ ಕೇಳಿದಾಗ, “ಕಂಪ್ಯೂಟರ್ ಹಾಗೆಯೇ ತೆಗೆದುಕೊಳ್ಳುತ್ತದೆ ಮೇಡಂ” ಎಂದು ಆ ತರುಣನು ಉತ್ತರಿಸಿದನು. ಅವನ ಮೇಲೆ ಕೋಪ ಬರಲಿಲ್ಲ; ಅವನು ನಿಜವಾಗಿಯೂ ಹಾಗೆಯೇ ನಂಬಿದ್ದನು.

ಎರಡನೆಯ ಪ್ರಶ್ನೆ ಮರದ ಕುರಿತಾದದ್ದು. ಕಾಗದದಲ್ಲಿ “ಇಂಜಿನಿಯರ್ಡ್ ವುಡ್” ಎಂದಿತ್ತು. ಇಂಜಿನಿಯರ್ ಎಂಬ ಪದವೇ ನಮಗೆ ಗೌರವ ಹುಟ್ಟಿಸುವಂಥದ್ದಲ್ಲವೇ? ವಿಚಾರಿಸಿದಾಗ ಅದು ಮರದ ಪುಡಿ, ಚಕ್ಕೆಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಎಂದು ತಿಳಿಯಿತು. ಒಣ ಊರುಗಳಲ್ಲಿ ಅದು ಚೆನ್ನಾಗಿಯೇ ಬಾಳುತ್ತದೆ. ನಮ್ಮದು ಮಲೆನಾಡು. ಒಂದು ಕಡೆ ಹೊಸನಗರದ ಹುಲಿಕಲ್ಲು, ಇನ್ನೊಂದು ಕಡೆ ತೀರ್ಥಹಳ್ಳಿಯ ಆಗುಂಬೆ. ಆಷಾಢದಲ್ಲಿ ಪೆಟ್ಟಿಗೆಯೊಳಗಿನ ಪ್ರಾರ್ಥನೆಯ ಪುಸ್ತಕಕ್ಕೂ ಬೂಷ್ಟು ಬರುವ ಸೀಮೆ. ಅಂಚಿನಲ್ಲಿ ಒಂದಿಷ್ಟು ನೀರು ಒಳಹೊಕ್ಕರೆ ಆ ಹಲಗೆ ನೆನೆದ ರೊಟ್ಟಿಯಂತೆ ಊದಿಕೊಳ್ಳುತ್ತದೆ. ಹತ್ತು ವರ್ಷದ ಖಾತರಿಯೇನೋ ಇತ್ತು; ಆದರೆ ನೀರಿನಿಂದಾದ ಹಾನಿ ಅದಕ್ಕೆ ಸೇರುವುದಿಲ್ಲವೆಂದು ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿತ್ತು. ಅಡುಗೆಮನೆಯಲ್ಲಿ ನೀರಿನಿಂದಲ್ಲದೆ ಮತ್ತಾವುದರಿಂದ ಹಾನಿಯಾಗುತ್ತದೆ ಎಂದು ನಾನು ಇಂದಿಗೂ ಯೋಚಿಸುತ್ತಿರುತ್ತೇನೆ.

ಮಳಿಗೆಯವರನ್ನು ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಅವರಿಗೆ ಪೇಟೆಯ ಬಾಡಿಗೆಯಿದೆ, ಯಂತ್ರಗಳಿವೆ. ಯಂತ್ರ ಕೂರಿಸುವ ಅಂಚಿನ ಪಟ್ಟಿಯ ನುಣುಪು ಕೈಗೆ ಬಾರದು. ಈ ಬಗೆಯ ಅಡುಗೆಮನೆ ಹುಟ್ಟಿದ ಕಥೆಯನ್ನೂ ಆಗಲೇ ಓದಿದೆ. ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ವಸತಿಗಳಿಗಾಗಿ 1926ರಲ್ಲಿ ಮಾರ್ಗರೆಟ ಶುಟ್ಟ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯಾದ ಮಹಿಳೆ ಅದನ್ನು ರೂಪಿಸಿದರಂತೆ. ಸುಮಾರು ಆರು ಅಡಿ ಅಗಲ, ಹನ್ನೊಂದು ಅಡಿ ಉದ್ದದ ಕೋಣೆ. ಗೃಹಿಣಿಯ ಹೆಜ್ಜೆಗಳನ್ನು ಎಣಿಸಿ, ಕೈಗೆಟಕುವಂತೆ ಎಲ್ಲವನ್ನೂ ಹೊಂದಿಸಿಟ್ಟದ್ದು. ಅಂಥವು ಸುಮಾರು ಹತ್ತು ಸಾವಿರ ನಿರ್ಮಾಣವಾದವು. ಅದರ ವೆಚ್ಚವನ್ನು ಬಾಡಿಗೆಯಲ್ಲಿಯೇ ಸೇರಿಸಲಾಗಿತ್ತು. ದುಡಿಯುವ ಸಾಮಾನ್ಯ ಕುಟುಂಬಗಳ ಅನುಕೂಲಕ್ಕೆಂದು ಹುಟ್ಟಿದ ವಸ್ತು ನಮ್ಮಲ್ಲಿ ಹೇಗೆ ಅಂತಸ್ತಿನ ಗುರುತಾಯಿತೋ ಕಾಣೆ.

ಕೊನೆಗೆ ನಮ್ಮ ಸೀಮೆಯವರೇ ಆದ ಒಬ್ಬ ಆಚಾರ್ಯರಿಂದ ಕೆಲಸ ಮಾಡಿಸುವುದೆಂದು ತೀರ್ಮಾನಿಸಿದೆವು. ಅದಕ್ಕೆ ಮೊದಲು ಸಾಗರದ ಪ್ಲೈವುಡ್ ಅಂಗಡಿಯಲ್ಲಿ ಅರ್ಧ ದಿನ ಕುಳಿತು ಒಂದಿಷ್ಟು ವಿದ್ಯೆ ಸಂಪಾದಿಸಿದೆ. ಹಾಳೆಯ ಮೇಲೆ ಐ.ಎಸ್. 710 ಎಂದು ಮುದ್ರೆಯಿದ್ದರೆ ಅದು ನೀರನ್ನು ತಾಳುವ ಜಾತಿ. ಆ ದರ್ಜೆಯ ಅಂಟನ್ನು 72 ಗಂಟೆ ನೀರಿನಲ್ಲಿ ಕುದಿಸಿ ಪರೀಕ್ಷಿಸುತ್ತಾರೆ. ಐ.ಎಸ್. 303 ಎಂಬುದರಡಿ ಎಂ.ಆರ್. ಎಂಬ ದರ್ಜೆಯಿದೆ, ಅದು ಗಾಳಿಯ ತೇವವನ್ನು ತಾಳುತ್ತದೆಯೇ ಹೊರತು ನೀರನ್ನಲ್ಲ. ಮಂಚಕ್ಕೆ, ಕಪಾಟಿಗೆ ಅದು ಸಾಕು. ಸಿಂಕಿನ ಕೆಳಗೆ ಸಲ್ಲದು. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಹಾಳೆ ಎಂದರೆ 32 ಚದರ ಅಡಿ. ಅಂದಿನ ದರದಲ್ಲಿ ನನಗೆ ತೋರಿಸಿದ 710ರ ಹಾಳೆಗೆ ಚದರ ಅಡಿಗೆ 115 ರೂಪಾಯಿ, ಎಂ.ಆರ್.ಗೆ 70 ರೂಪಾಯಿ. ಹೊರಗಿನಿಂದ ನೋಡಿದರೆ ಎರಡೂ ಅಣ್ಣತಮ್ಮಂದಿರಂತೆ. ಮೇಲೆ ಲ್ಯಾಮಿನೇಟ್ ಅಂಟಿಸಿದ ಮೇಲಂತೂ ಬ್ರಹ್ಮನಿಗೂ ಗುರುತು ಸಿಗದು.

ಆಚಾರ್ಯರು ಮನೆಗೆ ಬಂದರು. ಕಂಪ್ಯೂಟರ್ ಇರಲಿಲ್ಲ. ಅವರು ಮೊದಲು ಮಾಡಿದ ಕೆಲಸವೆಂದರೆ ಚಪಾತಿ ಮಣೆಯನ್ನು ನನ್ನ ಕೈಗೆ ಕೊಟ್ಟು, ಮೇಜಿನ ಮುಂದೆ ನಿಲ್ಲಿಸಿ, ಲಟ್ಟಿಸಲು ಹೇಳಿದ್ದು. ಮಣೆಯ ಕೆಳಗೆ ಪುಸ್ತಕಗಳನ್ನು ಒಂದೊಂದಾಗಿ ಸೇರಿಸುತ್ತ, ತೆಗೆಯುತ್ತ ನನ್ನ ಭುಜವನ್ನೇ ನೋಡುತ್ತಿದ್ದರು. “ಅಂಗಡಿಯವರು ಮೂವತ್ತನಾಲ್ಕು ಇಂಚು ಮಾಡುತ್ತಾರೆ. ನಿಮ್ಮ ಎತ್ತರಕ್ಕೆ ಮೂವತ್ತೊಂದು ಸಾಕು, ಇಲ್ಲದಿದ್ದರೆ ರಾತ್ರಿ ಹೆಗಲು ನೋಯುತ್ತದೆ” ಎಂದರು. ಈ ಮಾತಿಗೆ ಮಳಿಗೆಯ ಕಾಗದದಲ್ಲಿ ಯಾವ ಸಾಲೂ ಇರಲಿಲ್ಲ. ಬಳಿಕ ಪೆನ್ಸಿಲನ್ನು ಕಿವಿಯ ಮೇಲಿಂದ ತೆಗೆದು ಲೆಕ್ಕ ಹಾಕಿ, ಸಾಮಾನು, ಮಜೂರಿ ಸೇರಿ 1,08,000 ರೂಪಾಯಿ ಎಂದರು. ಎಲ್ಲ ಪೆಟ್ಟಿಗೆಗಳೂ 710ರಲ್ಲಿಯೇ.

ಇಲ್ಲಿಂದ ಮುಂದಿನದನ್ನು ಬರೆಯಲು ಸ್ವಲ್ಪ ಸಂಕೋಚವಾಗುತ್ತದೆ. ಮಳಿಗೆಯ ಬೆಲೆಗೂ ಇವರ ಬೆಲೆಗೂ ಅಷ್ಟು ಅಂತರವಿದ್ದರೂ ನನಗೆ ತೃಪ್ತಿಯಾಗಲಿಲ್ಲ. ಒಂದು ಕಡೆ ಮೋಸಹೋಗಲಿದ್ದೆನೆಂಬ ಭಯ, ಇನ್ನೊಂದು ಕಡೆ ಚೌಕಾಸಿ ಮಾಡದಿದ್ದರೆ ದಡ್ಡಳೆನಿಸಿಕೊಳ್ಳುವೆನೆಂಬ ಅಳುಕು. ಮಳೆ ಹಿಡಿದರೆ ನಿಮಗೂ ಕೆಲಸವಿರುವುದಿಲ್ಲವಲ್ಲ ಎಂದೆ. ಅವರು ಸುಮ್ಮನಿದ್ದರು. ಹಿಡಿಕೆಗಳನ್ನು ಹಳಿದೆ, ಅವರು ಹಿಂದೆ ಮಾಡಿದ್ದ ಒಂದು ಮನೆಯ ಕೆಲಸವನ್ನು ಹಳಿದೆ. ಕೊನೆಗೆ, “ಬೇರೊಬ್ಬರು ಎಂಬತ್ತೈದು ಸಾವಿರಕ್ಕೆ ಒಪ್ಪಿದ್ದಾರೆ” ಎಂದೆ. ಅಂಥ ಬೇರೊಬ್ಬರು ಯಾರೂ ಇರಲಿಲ್ಲ. ಆಚಾರ್ಯರು ಅಂಗಳದ ಕಡೆ ನೋಡುತ್ತ ಸ್ವಲ್ಪ ಹೊತ್ತು ಕುಳಿತು, “ಎಂಬತ್ತೆಂಟು ಮಾಡಿ” ಎಂದು ಎದ್ದರು. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಗೆಳತಿಯರಿಗೆ ಈ ಸಾಹಸವನ್ನು ವರ್ಣಿಸಿದ್ದೂ ಉಂಟು. ಜ್ಞಾನೋಕ್ತಿಗಳ 20ನೆಯ ಅಧ್ಯಾಯದಲ್ಲಿ, ಕೊಳ್ಳುವಾಗ ಸರಕನ್ನು ಹೀಗಳೆದು ಕೊಂಡ ಮೇಲೆ ಹೆಮ್ಮೆಪಡುವವನ ಒಂದು ಚಿಕ್ಕ ಚಿತ್ರವಿದೆ. ಅದು ನೆನಪಾದದ್ದು ಬಹಳ ತಡವಾಗಿ.

ಮಾರ್ಚ್ ತಿಂಗಳಲ್ಲಿ ಕೆಲಸ ಆರಂಭವಾಯಿತು. ಆಚಾರ್ಯರು ಮತ್ತು ಅವರ ತಂಗಿಯ ಮಗ, ಇಬ್ಬರು. ಅಂಗಳದಲ್ಲಿ ಗರಗಸದ ಸದ್ದು, ಅಂಟಿನ ವಾಸನೆ. ತುಂಡುಗಳು ರಾಶಿಬಿದ್ದವು. ಒಂದು ಸಂಜೆ ಬಚ್ಚಲ ಒಲೆಗೆ ಹಾಕಲೆಂದು ಅವನ್ನು ಆಯುತ್ತಿದ್ದಾಗ ನನ್ನೊಳಗಿನ ಗಣಿತದ ಮೇಷ್ಟ್ರಿಗೆ ಪ್ರಯೋಗ ಮಾಡುವ ಬುದ್ಧಿ ಬಂತು. ಬಾಗಿಲಿನಿಂದ ಉಳಿದ ಒಂದು ತುಂಡು, ಸಿಂಕಿನ ಪೆಟ್ಟಿಗೆಯಿಂದ ಉಳಿದ ಒಂದು ತುಂಡು ಇವೆರಡನ್ನೂ ಹಂಡೆಯ ನೀರಿನಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿದೆ. ಮರುದಿನವೆಲ್ಲ ಬೆಂಕಿ ಆರದಂತೆ ಅಡಿಕೆ ಸಿಪ್ಪೆ ತುಂಬುತ್ತ ಬಂದೆ. ನಮ್ಮವರು ಸ್ನಾನಕ್ಕೆ ಹೋಗಿ, ಇದೇನು ಕಷಾಯವೇ ಎಂದು ಕೂಗಿದರು. ಸಂಜೆ ಇಕ್ಕಳದಿಂದ ಎತ್ತಿ ನೋಡಿದರೆ ಬಾಗಿಲಿನ ತುಂಡು ಹಾಗೆಯೇ ಗಟ್ಟಿಯಾಗಿತ್ತು. ಸಿಂಕಿನ ಪೆಟ್ಟಿಗೆಯದು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಬಿಚ್ಚಿಕೊಂಡಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಆಚಾರ್ಯರು ಬಂದೊಡನೆ ಬಿಚ್ಚಿಕೊಂಡ ತುಂಡನ್ನು ಅವರ ಮುಂದೆ ಇಟ್ಟೆ. ಅವರು ನಿರಾಕರಿಸುವರೆಂದು, ಪ್ಲೈವುಡ್ ಅಂಗಡಿಯವರ ಮೇಲೆ ಹಾಕುವರೆಂದು ಎಣಿಸಿ ಉತ್ತರಗಳನ್ನು ಸಿದ್ಧಪಡಿಸಿಟ್ಟುಕೊಂಡಿದ್ದೆ. ಅವರು ತುಂಡನ್ನು ಕೈಯಲ್ಲಿ ಹಿಡಿದು, ಬೆರಳಿನಿಂದ ಪದರಗಳನ್ನು ಬಿಡಿಸಿದರು. “ಹೌದು. ಮೂರು ಹಾಳೆ ಎಂ.ಆರ್. ಹಾಕಿದ್ದೇನೆ. ಹೇಳದೆ ಹಾಕಿದ್ದು ತಪ್ಪು” ಎಂದರು. ಸ್ವಲ್ಪ ತಡೆದು, “ಎಂಬತ್ತೈದಕ್ಕೆ ಒಪ್ಪಿದ್ದಾರೆ ಎಂದಿರಲ್ಲ ಅಮ್ಮಾ, ಅವರು ಎಲ್ಲವನ್ನೂ ಇದರಲ್ಲೇ ಮಾಡುತ್ತಿದ್ದರು” ಎಂದರು.

ನನ್ನ ಬಳಿ ಸಿದ್ಧವಾಗಿದ್ದ ಯಾವ ಉತ್ತರವೂ ಈ ಮಾತಿಗೆ ಹೊಂದಲಿಲ್ಲ. ಅಂಥವರು ಯಾರೂ ಇರಲಿಲ್ಲ ಎಂದು ಹೇಳಿಬಿಟ್ಟೆ. ಅದು ಅವರಿಗೆ ಮೊದಲೇ ತಿಳಿದಿತ್ತೋ ಏನೋ, ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ.

ನಮ್ಮವರು ಜಗಲಿಯ ಮೇಲೆ ಚಾಪೆ ಹಾಸಿ ಇಬ್ಬರನ್ನೂ ಕೂರಿಸಿ, “ಈಗ ಲೆಕ್ಕ ಬಿಚ್ಚಿ” ಎಂದರು. ಆಚಾರ್ಯರ ಪುಸ್ತಕದ ಲೆಕ್ಕವನ್ನು ನನ್ನ ಪುಸ್ತಕಕ್ಕೆ ಬರೆದುಕೊಂಡೆ. ಒಪ್ಪಂದದಂತೆ ಎಲ್ಲವನ್ನೂ 710ರಲ್ಲಿ ಮಾಡಿದರೆ ದಪ್ಪ ಹಾಳೆ ಎಂಟು, 29,440. ಹಿಂಬದಿಗೆ ತೆಳು ಹಾಳೆ ಎರಡು, 3,520. ಒಳಹೊರಗಿನ ಲ್ಯಾಮಿನೇಟ್ 11,100. ಮೆಲ್ಲಗೆ ಮುಚ್ಚುವ ಕೀಲುಗಳು 24, ಅದಕ್ಕೆ 3,600. ಡ್ರಾಯರಿನ ಹಳಿಗಳು 2,400, ಉಕ್ಕಿನ ಬುಟ್ಟಿಗಳು 9,000. ಅಂಟು, ಅಂಚುಪಟ್ಟಿ, ಹಿಡಿಕೆ, ಮೊಳೆ 6,000. ಸಾಗಣೆ 2,000. ಒಟ್ಟು 67,060 ರೂಪಾಯಿ. ನಾನು ಗೆದ್ದುಕೊಂಡ 88,000ದಲ್ಲಿ ಇಬ್ಬರ ಹದಿನೆಂಟು ದಿನದ ದುಡಿಮೆಗೆ ಉಳಿಯುತ್ತಿದ್ದುದು 20,940. ಭಾಗಿಸಿದರೆ ತಲಾ ದಿನಕ್ಕೆ 581 ರೂಪಾಯಿ ಚಿಲ್ಲರೆ. ಗರಗಸದ ಅಲಗು, ಯಂತ್ರದ ಸವಕಳಿ, ನಡುವೆ ಕರೆಂಟು ಹೋಗಿ ಕಳೆದ ದಿನಗಳು ಯಾವುದೂ ಲೆಕ್ಕಕ್ಕಿಲ್ಲ. ಆ ವರ್ಷ ಅಡಿಕೆ ಕೊಯ್ಯುವ ಕೊನೆಗಾರನಿಗೆ ನಾವು ಅದಕ್ಕಿಂತ ಎಷ್ಟೋ ಹೆಚ್ಚು ಕೊಟ್ಟಿದ್ದೆವು. ಮೂರು ಹಾಳೆಗಳನ್ನು ಬದಲಾಯಿಸಿ ಅವರು ಉಳಿಸಿದ್ದು 4,320 ರೂಪಾಯಿ ಮಾತ್ರ.

ನಮ್ಮವರು ಬಹಳ ಹೊತ್ತು ಆ ಅಂಕಿಗಳನ್ನೇ ನೋಡುತ್ತಿದ್ದರು. ಅವರು ವರ್ಷಂಪ್ರತಿ ಅಡಿಕೆಯ ಚೀಲಗಳನ್ನು ಸಾಗರದ ಮಾರುಕಟ್ಟೆಗೆ ಒಯ್ಯುವವರು. ಖರೀದಿದಾರನು ಒಂದು ಹಿಡಿ ಅಡಿಕೆ ತೆಗೆದು, ಬಣ್ಣ ಸಾಲದು, ಒಣಗಿದ್ದು ಸಾಲದು ಎಂದು ಮುಖ ಸಿಂಡರಿಸುವುದನ್ನು ಸಹಿಸಿಕೊಂಡು ಮನೆಗೆ ಬಂದು ನನ್ನ ಮುಂದೆ ಹಲುಬುವವರು. ರಾಶಿಗೆ ಇಷ್ಟು, ಚಾಲಿಗೆ ಇಷ್ಟು ಎಂದು ಅವನು ಚೀಟಿಯಲ್ಲಿ ಬರೆದದ್ದೇ ಬೆಲೆ. “ನೀನು ಅವನ ಕೆಲಸವನ್ನು ಚೆನ್ನಾಗಿ ಕಲಿತಿದ್ದೀಯೆ” ಎಂದರು. ಮದುವೆಯಾದಂದಿನಿಂದ ಅವರು ಆಡಿದ ಮಾತುಗಳಲ್ಲಿ ನನ್ನನ್ನು ಇಷ್ಟು ನೋಯಿಸಿದ್ದು ಇನ್ನೊಂದಿಲ್ಲ.

ನೋವಿಗೆ ಇನ್ನೊಂದು ಕಾರಣವೂ ಇತ್ತು. ನಮ್ಮ ನೆರೆಯ ಹೆಗ್ಗೋಡಿನ ಚರಕ ಸಂಸ್ಥೆಯ ಹೆಣ್ಣುಮಕ್ಕಳು ನೇಯ್ದ ಸೀರೆಗಳನ್ನು ನಾನು ಎಂದೂ ಚೌಕಾಸಿ ಮಾಡಿ ಕೊಂಡವಳಲ್ಲ. ಕೈಯಿಂದ ಮಾಡಿದ ವಸ್ತುಗಳಿಗೆ ತೆರಿಗೆ ಬೇಡವೆಂದು 2017ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಸತ್ಯಾಗ್ರಹ ನಡೆಸಿದಾಗ, ಕೈಕೆಲಸದವರಿಗೆ ನ್ಯಾಯ ಸಿಗಬೇಕೆಂದು ಮನೆಯಲ್ಲಿ ಎಲ್ಲರ ಮುಂದೆ ವಾದಿಸಿದ್ದೆ. ಪತ್ರಿಕೆಯಲ್ಲಿ ಓದಿದ ಕೈಕೆಲಸ ಬೇರೆ, ನಮ್ಮ ಅಂಗಳದಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ ಕೈಕೆಲಸ ಬೇರೆ ಎಂದು ಯಾವಾಗ ವಿಂಗಡಿಸಿಕೊಂಡೆನೋ ತಿಳಿಯದು. ಕೊಳ್ಳುವವರ ಹಿತಕ್ಕಾಗಿ ದೇಶದಲ್ಲಿ 1986ರಿಂದಲೂ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. 2019ರಲ್ಲಿ ಹೊಸ ಕಾಯ್ದೆಯೂ ಬಂತು. ಬಿಲ್ಲು ಕೊಡದಿದ್ದರೆ ಅದೂ ಅನುಚಿತ ವ್ಯಾಪಾರವೇ. ಒಳ್ಳೆಯದೇ. ಆದರೆ ಸುಳ್ಳು ಬೆಲೆ ಹೇಳಿ ಕೆಲಸಗಾರನನ್ನು ಕುಗ್ಗಿಸುವ ನನ್ನಂಥ ಗ್ರಾಹಕಿಯ ವಿರುದ್ಧ ಆಚಾರ್ಯರು ಯಾವ ಆಯೋಗಕ್ಕೆ ಅರ್ಜಿ ಹಾಕಬೇಕು?

ಜಗಲಿಯ ಮೇಲಿನ ಪಂಚಾಯಿತಿ ಮಧ್ಯಾಹ್ನದವರೆಗೂ ನಡೆಯಿತು. ಸಿಂಕಿನ ಕೆಳಗಿನವೂ ಸೇರಿದಂತೆ ಆ ಮೂರು ಹಾಳೆಯ ಪೆಟ್ಟಿಗೆಗಳನ್ನು ಬಿಚ್ಚಿ 710ರಲ್ಲಿ ಮತ್ತೆ ಮಾಡುವುದು, ಹೊಸ ಹಾಳೆಯ ವೆಚ್ಚ ಅವರದು, ನಾವು ಒಟ್ಟು 1,04,000 ರೂಪಾಯಿ ಕೊಡುವುದು ಎಂದಾಯಿತು. ಅವರು ಮೊದಲು ಕೇಳಿದ್ದಕ್ಕಿಂತ 4,000 ಕಡಿಮೆ. ಹೇಳದೆ ಹಾಕಿದ್ದಕ್ಕೆ ಅಷ್ಟಾದರೂ ಕಡಿತವಾಗಬೇಕೆಂದು ಅವರೇ ಹೇಳಿದರು. ಇದು ಸರಿಯೋ, ನಾವು ಪೂರ್ತಿ ಕೊಡಬೇಕಿತ್ತೋ ಎಂದು ಈಗಲೂ ಒಮ್ಮೊಮ್ಮೆ ಅನಿಸುವುದುಂಟು. ಈ ಬಾರಿ ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದೆವು: ಹಾಳೆಯ ಮುದ್ರೆ, ದಪ್ಪ, ಕೀಲುಗಳ ಸಂಖ್ಯೆ, ಮೂಲೆಯನ್ನು ಒಂದೇ ಬಾರಿ ಅಳೆದ ಅಳತೆ, ಹಣವನ್ನು ಮೂರು ಕಂತುಗಳಲ್ಲಿ ಕೊಡುವ ದಿನಗಳು. ಇಬ್ಬರೂ ಸಹಿ ಹಾಕಿದೆವು. ಮೊದಲೇ ಹೀಗೆ ಮಾಡಿದ್ದರೆ ಹಂಡೆಯ ಕಷಾಯ ಬೇಕಿರಲಿಲ್ಲ.

ಮಗನ ಮದುವೆಗೆ ಎಂಟು ದಿನ ಮುಂಚೆ ಕೆಲಸ ಮುಗಿಯಿತು. ಕಟ್ಟೆ ಮೂವತ್ತೊಂದು ಇಂಚೇ ಇದೆ. ನೀಳಕಾಯದ ಸೊಸೆ ಅಡುಗೆ ಮಾಡುವಾಗ ಸೊಂಟ ಬಗ್ಗಿಸಬೇಕಾಗುತ್ತದೆ. ಇದನ್ನು ನಾವಾರೂ ಯೋಚಿಸಿರಲಿಲ್ಲ. ಬಲೆಯ ಬಾಗಿಲಿನ ಹಲಸಿನ ಪೆಟ್ಟಿಗೆಯನ್ನು ಹೊರಗೆ ಹಾಕಲು ಆಚಾರ್ಯರು ಬಿಡಲಿಲ್ಲ. ಅದರ ಕಾಲುಗಳನ್ನು ಕತ್ತರಿಸಿ, ಹೊಸ ಪೆಟ್ಟಿಗೆಗಳ ಸಾಲಿನ ಕೊನೆಯಲ್ಲಿ ಕೂರಿಸಿದ್ದಾರೆ. ಅದಕ್ಕೆ ಮಜೂರಿ ಹಿಡಿಯಲಿಲ್ಲ. ಅಂದಿನಿಂದ ನಾಲ್ಕು ಮಳೆಗಾಲಗಳು ಕಳೆದಿವೆ. ಪ್ರತಿ ಜುಲೈಯಲ್ಲಿ ಮೂಲೆಯ ಬಾಗಿಲೊಂದು ಬಿಗಿಯುತ್ತದೆ. ಅವರು ಸಾಗರಕ್ಕೆ ಹೋಗುವ ದಾರಿಯಲ್ಲಿ ಬಂದು ಕೀಲಿನ ತಿರುಪನ್ನು ಅರ್ಧ ಸುತ್ತು ತಿರುಗಿಸಿ, ಕಾಫಿ ಕುಡಿದು ಹೋಗುತ್ತಾರೆ.

ನಮ್ಮ ಧರ್ಮಕೇಂದ್ರದ ಎರಡು ಮೂರು ಕುಟುಂಬಗಳವರು ಅಡುಗೆಮನೆ ಮಾಡಿಸುವ ಮುನ್ನ ನನ್ನ ಲೆಕ್ಕದ ಪುಸ್ತಕವನ್ನು ಕೇಳಿ ಒಯ್ದಿದ್ದಾರೆ. ಅದರಲ್ಲಿ 88,000 ಎಂಬ ಅಂಕಿಯೂ ಇದೆ, 1,04,000 ಎಂಬುದೂ ಇದೆ. ನಡುವಿನ ಪುಟದಲ್ಲಿ ಆಚಾರ್ಯರ ಲೆಕ್ಕವೂ ಇದೆ. ಮೊನ್ನೆ ಗೆಳತಿಯೊಬ್ಬರು ಪುಸ್ತಕವನ್ನು ಹಿಂದಿರುಗಿಸಲು ಬಂದರು. ಎಲ್ಲವನ್ನೂ ಓದಿದೆನೆಂದು ಹೇಳಿ, ದನಿ ತಗ್ಗಿಸಿ, “ನಿಮ್ಮ ಮಾತೆಂದರೆ ಅವರಿಗೆ ಗೌರವವಂತೆ. ನಮಗೊಂದು ತೊಂಬತ್ತಕ್ಕೆ ಒಪ್ಪಿಸಿ ಕೊಡುತ್ತೀರಾ?” ಎಂದರು. ಕಾಫಿ ಮಾಡಿ ಕೊಟ್ಟು, ಪುಸ್ತಕದ ನಡುವಿನ ಪುಟವನ್ನು ಬಿಡಿಸಿ ಮತ್ತೊಮ್ಮೆ ಅವರ ಮುಂದೆ ಇಟ್ಟೆ.